ಆಲಿಕಲ್ಲು ಯಾವ ಕಡೆಯಿಂದ ಬಂತು

"ಅವರು ಕರೆದ್ರು ಅಂತ ಹೋದೆ ಅಕ್ಕಾ. ಆ ಸೀಸೆಗೋಡೆ ಹುಡುಗರು ಒಳ್ಳೆಯವರೇ. ಪಟ್ಟಣ ಬಿಟ್ಟು ಬಂದಿದ್ದಾರೆ, ಖಾಲಿ ಸೀಸೆ ಜೋಡಿಸಿ ಮಣ್ಣು ಮೆತ್ತಿ ಮನೆ ಕಟ್ಕೊಂಡಿದ್ದಾರೆ, ನಿಮ್ಮ ಹಾಗೆ ಬದುಕೋದು ಹೇಗೆ ಹೇಳಿಕೊಡಿ ಅಂತಾರೆ. ಊರಲ್ಲಿ ನಾನು ಬಾಯಿ ತೆಗೆದ್ರೆ ಎಲ್ರೂ ಎದ್ದು ಹೋಗ್ತಾರೆ, ಅಲ್ಲಿ ಸುತ್ತ ಕೂತು ಕೇಳಿದ್ರು. ಹೇಳ್ದೆ. ಆಲೂಗಡ್ಡೆ ಗಿಡ ಹೂ ಬಿಟ್ಟಾಗಿಂದ ಗಡ್ಡೆ ಅಗೆಯೋ ತನಕ ಕಾವಲುಗಾರ ಗುಡಿಸಲು ಬಿಡಬಾರದು, ಉಪ್ಪು ಮುಟ್ಟಬಾರದು, ಹೆಂಡ್ತಿ ಮಗ್ಗುಲಿಗೆ ಹೋಗಬಾರದು. ಮೋಡ ಕಪ್ಪಾದ್ರೆ ಶಂಖ ಊದ್ಬೇಕು, ಹೊಗೆ ಹಾಕ್ಬೇಕು, ಕವಣೆ ಬೀಸಿ 'ಹೋಗಾಚೆ, ಇಲ್ಲಿ ನಿನಗೇನಿಲ್ಲ' ಅಂತ ಬೈದು ಆಲಿಕಲ್ಲನ್ನ ಅಟ್ಟಬೇಕು. ಭೂಮಿ ನಂದಲ್ಲ, ನಿಂದಲ್ಲ, ಎಲ್ರದ್ದು, ಅದಕ್ಕೇ ಒಬ್ಬ ಎಲ್ರ ಪರವಾಗಿ ಎಚ್ಚರ ಇರ್ಬೇಕು ಅಂದೆ. ಎಷ್ಟು ಚೆನ್ನಾಗಿ ಹೇಳ್ದೆ ಅಂದ್ರೆ ನನ್ನ ಮಾತು ನನಗೇ ಹಿಡಿಸ್ತು. ಆಗ ಆ ಕನ್ನಡಕದ ಹುಡುಗಿ ಕೇಳಿದ್ಳು, 'ಹಾಗಾದ್ರೆ ಈಗ ಗುಡಿಸಲಲ್ಲಿ ಯಾರಿದ್ದಾರೆ ತಾತಾ?' ಅಂತ. ನಾನು ಆಕಾಶ ತೋರಿಸ್ದೆ. ಮೋಡದ ಚೂರೂ ಇರಲಿಲ್ಲ. ಎಲ್ರೂ ನಕ್ಕರು, ನಾನೂ ನಕ್ಕೆ. ಸಾರು ಕೊಟ್ರು, ಉಪ್ಪು ಹಾಕಿದ್ರು. ಬೇಡ ಅನ್ನೋಕೆ ಸಂಕೋಚ ಆಯ್ತು, ಕುಡಿದೆ. ಬಟ್ಟಲು ಕೆಳಗಿಡ್ತಾ ಇದ್ದೆ, ಬೆಟ್ಟದ ಮೇಲೆ ಸದ್ದು ಕೇಳ್ತು."

ಸೆನೋಬಿಯೋ ಇದನ್ನು ನನ್ನ ಒಲೆಯ ಪಕ್ಕ ಕೂತು ಹೇಳಿದ. ಆಲಿಕಲ್ಲು ಬಿದ್ದು ಕೆಲವು ದಿನ ಆಗಿತ್ತು. ನಾನು ಉಣ್ಣೆ ನೂಲುತ್ತಿದ್ದೆ, ಕದಿರು ನಿಲ್ಲಿಸಲಿಲ್ಲ. ಕೈ ನಿಂತರೆ ಹೇಳುವವರ ಮಾತೂ ನಿಂತುಬಿಡುತ್ತದೆ.

ಅವನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅವನ ಅಪ್ಪನೂ ಕಾವಲುಗಾರನೇ. ಶಂಖ ಊದಿ ಊದಿ ಆ ಮನುಷ್ಯನ ಕೆಳತುಟಿ ಜಡ್ಡುಗಟ್ಟಿತ್ತು, ಮಾತು ಕಡಿಮೆ. ಮಗನಿಗೆ ಎದೆಯ ದಮ್ಮು ಅಪ್ಪನದು ಬಂತು, ಮಾತು ಎಲ್ಲಿಂದ ಬಂತೋ. ಲಾಮಾ ಮಂದೆ ಮೇಯಿಸುವಾಗ ಆ ಪ್ರಾಣಿಗಳ ಜೊತೆಗೇ ಮಾತಾಡುತ್ತಿದ್ದ. ಮದುವೆಯಾದ ಮೇಲೆ ಹೆಂಡತಿ ಫೆರ್ಮಿನಾ "ಇವನು ನಿದ್ದೇಲೂ ಸಭೆ ಮಾಡ್ತಾನೆ" ಅಂತ ನಗುತ್ತಿದ್ದಳು. ಕಾವಲಿನ ಸರದಿ ಬಂದಾಗ ಬೇರೆಯವರು ಸೊಂಟನೋವು, ಮೊಣಕಾಲು ಅಂತ ನೆಪ ಹುಡುಕುತ್ತಾರೆ. ಬೆಟ್ಟದ ಪಕ್ಕೆಯಲ್ಲಿ ಒಬ್ಬನೇ, ಚಳಿಯಲ್ಲಿ, ಉಪ್ಪಿಲ್ಲದ ಗಡ್ಡೆ ತಿಂದುಕೊಂಡು ಯಾರಿರುತ್ತಾರೆ? ಸೆನೋಬಿಯೋ ಮಾತ್ರ ಒಮ್ಮೆಯೂ ಒಲ್ಲೆ ಅನ್ನಲಿಲ್ಲ. ಅವನು ಕೂತ ವರ್ಷ ನಾವು ನೆಮ್ಮದಿಯಾಗಿ ಮಲಗುತ್ತಿದ್ದೆವು. ಆ ವರ್ಷವೂ ಸರದಿ ಅವನದೇ.

ಆ ದಿನ ಅವನು ಸೀಸೆಗೋಡೆಯವರ ಹತ್ತಿರದಿಂದ ಓಡಿ ಹತ್ತಿದ. ಹೊಲ ಮುಟ್ಟುವಾಗ ಎಲ್ಲ ಮುಗಿದಿತ್ತು. ಬಿಳಿ, ನೇರಳೆ ಹೂವೆಲ್ಲ ಮಣ್ಣಿನಲ್ಲಿ ಜಜ್ಜಿಹೋಗಿ ದಂಟು ಮಾತ್ರ ನಿಂತಿದ್ದವು. ಅವನು ಶಂಖ ತೆಗೆದು ಊದಿದ. ಇನ್ನು ಊದಿ ಏನು ಮಾಡುವುದು, ಆದರೂ ತುಟಿ ಒಡೆಯುವ ತನಕ ಊದಿದ. ನಾವು ಮೇಲೆ ಹೋದಾಗ ಹಾಗೇ ಕಂಡ, ನೆನೆದು ತೊಪ್ಪೆಯಾಗಿ, ಗಲ್ಲದ ಮೇಲೆ ರಕ್ತ. ಹೆಂಗಸರು ಅತ್ತರು. "ಪಾಪ, ಒಬ್ಬನೇ ಕಾದಾಡಿದ್ದಾನೆ ನೋಡಿ" ಅಂದರು. ಯಾರೋ ಕಂಬಳಿ ಹೊದಿಸಿದರು.

ಆಗ ನಮ್ಮ ಊರಿನ ಯಜಮಾನ ತಿಯೊಫಿಲೋ ಕೇಳಲೇಬೇಕಾದ ಮಾತು ಕೇಳಿದ. "ಯಾವ ಕಡೆಯಿಂದ ಬಂತಪ್ಪಾ?"

ಇದನ್ನು ಕಾವಲುಗಾರನನ್ನು ಬಿಟ್ಟು ಇನ್ನೊಬ್ಬರನ್ನು ಕೇಳುವ ಹಾಗಿಲ್ಲ. ಆಲಿಕಲ್ಲು ಯಾವ ಮನೆಯ ಮೇಲಿಂದ ದಾಟಿ ಬರುತ್ತದೋ ಆ ಮನೆಯಲ್ಲಿ ಏನೋ ಮುಚ್ಚಿಟ್ಟಿದ್ದಾರೆ, ಬೆಟ್ಟದಪ್ಪ ಅದನ್ನು ಕಂಡು ಕೆರಳಿದ್ದಾನೆ ಅಂತ ನಮ್ಮ ಲೆಕ್ಕ. ಸೆನೋಬಿಯೋ ನೋಡಿಯೇ ಇರಲಿಲ್ಲ. ಸಾಮಾನ್ಯವಾಗಿ ಕಣಿವೆಯಿಂದ ಬರುತ್ತದಲ್ಲ ಅಂತ, ಬಾಯಿಗೆ ಬಂದ ಹಾಗೆ, "ಕಣಿವೆ ಕಡೆಯಿಂದ" ಅಂದುಬಿಟ್ಟ.

ಕಣಿವೆ ಕಡೆ ಇದ್ದದ್ದು ಒಂದೇ ಮನೆ, ಲುಸ್ಮಿಲಾಳದು.

ಲುಸ್ಮಿಲಾ ಪಟ್ಟಣದಲ್ಲಿ ಯಾರದೋ ಮನೆಯ ಅಡುಗೆಗಿದ್ದು, ಕಾಯಿಲೆ ಬಿದ್ದು ವಾಪಸ್ಸು ಬಂದಿದ್ದಳು. ಮುಖ ಬಿಳಿಚಿತ್ತು, ಯಾರ ಜೊತೆಗೂ ಹೆಚ್ಚು ಬೆರೆಯುತ್ತಿರಲಿಲ್ಲ. ಅಷ್ಟು ಸಾಕಾಯಿತು. ಬಾಯಿಬಡುಕಿ ಅಪೊಲೊನಿಯಾ ಮನೆಮನೆಗೆ ಹೋಗಿ ಹೇಳಿದಳು, "ಹೊಟ್ಟೇಲಿದ್ದದ್ದನ್ನ ಹಿತ್ತಲಲ್ಲಿ ಹೂತಿದ್ದಾಳೆ, ಹೆಸರಿಡದ ಕೂಸು. ಅದಕ್ಕೇ ಆಕಾಶ ಹರಿದುಕೊಂಡು ಬಿತ್ತು." ನಿಜ ಏನಿತ್ತೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಅದು ಅವಳದು. ಆದರೆ ನಾಲ್ಕು ಹೆಂಗಸರು ಗುದ್ದಲಿ ಹಿಡಿದು ಹೋಗಿ ಅವಳ ಹಿತ್ತಲನ್ನು ಅಗೆದೇ ಬಿಟ್ಟರು. ಒಂದು ನಾಯಿಯ ದವಡೆ ಸಿಕ್ಕಿತು. ಅದನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಲುಸ್ಮಿಲಾ ಹೊಸ್ತಿಲಲ್ಲಿ ನಿಂತಿದ್ದಳು. ಅವಳನ್ನು ಊರಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಅಂತ ಭಾನುವಾರ ಸಭೆ ಗೊತ್ತಾಯಿತು.

ಸೆನೋಬಿಯೋ ನನ್ನ ಒಲೆಯ ಬಳಿ ಬಂದದ್ದು ಅದರ ಹಿಂದಿನ ದಿನ.

"ಅವಳು ನನ್ನನ್ನ ದೊಡ್ಡಪ್ಪ ಅಂತ ಕರೀತಾಳೆ ಅಕ್ಕಾ. ಚಿಕ್ಕೋಳಿದ್ದಾಗ ನನ್ನ ಕವಣೆ ಕದ್ದು ಓಡ್ತಿದ್ಳು. ನಾನು ಏನು ಮಾಡ್ಲಿ?"

"ನನಗೆ ಹೇಳಿದ್ಯಲ್ಲ, ಹಾಗೇ ಹೇಳು," ಅಂದೆ.

"ಅಪ್ಪನ ಹೆಸರು ಹೋಗುತ್ತೆ."

ನಾನು ನೂಲು ಸುತ್ತಿದೆ. ಅವನು ಎದ್ದು ಹೋದ. ಹೇಳುತ್ತಾನೆ ಅಂತ ನನಗೆ ನಂಬಿಕೆ ಇರಲಿಲ್ಲ.

ಸಭೆಯಲ್ಲಿ ತಿಯೊಫಿಲೋ ಮತ್ತೆ ಅದೇ ಕೇಳಿದ, ಎಲ್ಲರ ಮುಂದೆ, ಗಟ್ಟಿಯಾಗಿ. ಲುಸ್ಮಿಲಾ ಒಬ್ಬಳೇ ಒಂದು ಕಡೆ ಕೂತಿದ್ದಳು. ಸೆನೋಬಿಯೋ ಎದ್ದ. ಯಾವತ್ತೂ ಮುಗಿಯದ ಮಾತಿನವನು, ಆವತ್ತು ಪದ ಸಿಗದೆ ತಡವರಿಸಿದ.

"ನಾನು ನೋಡಿಲ್ಲ. ನಾನು ಅಲ್ಲಿರಲಿಲ್ಲ. ಕೆಳಗೆ ಕೂತು ಉಪ್ಪಿನ ಸಾರು ಕುಡೀತಿದ್ದೆ. ಕಣಿವೆ ಅಂದದ್ದು ಸುಳ್ಳು."

ಕೂತವರೆಲ್ಲ ಅವನ ಕಡೆ ತಿರುಗಿದರು. ಆಮೇಲೆ ಗದ್ದಲ ಎದ್ದಿತು. "ಕಂಬಳಿ ಹೊದಿಸಿದ್ವಲ್ಲೋ ನಿನಗೆ!" ಅಂತ ಒಬ್ಬಳು ಕೂಗಿದಳು. "ಉಪ್ಪು ಸರಿಯಾಗಿತ್ತೇನಪ್ಪಾ, ಇನ್ನೂ ಸ್ವಲ್ಪ ಬೇಕಿತ್ತಾ?" ಅಂತ ಹಿಂದಿನಿಂದ ಒಬ್ಬ. ಫೆರ್ಮಿನಾ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ಆ ಕನ್ನಡಕದ ಹುಡುಗಿ, ರೆನಾತಾ ಅಂತ, ಅವಳೂ ಬಂದಿದ್ದಳು. ಅಳುತ್ತಾ ಎದ್ದು, "ತಪ್ಪು ನಮ್ಮದು, ಅವರನ್ನ ಕರೆದದ್ದು ನಾವು," ಅಂದಳು.

"ಕರೆದದ್ದು ನೀನು, ನಡೆದ ಕಾಲು ಯಾರದಮ್ಮಾ?" ಅಂದಳು ಅಪೊಲೊನಿಯಾ.

"ಗುದ್ದಲಿ ಹಿಡಿದ ಕೈ ಯಾರದು ಅಪೊಲೊನಿಯಾ?" ಅಂದೆ ನಾನು.

ತಿಯೊಫಿಲೋ ಶಂಖ ಇಸಿದುಕೊಂಡ. ಮಣ್ಣಲ್ಲಿ ಉಳಿದ ಗಡ್ಡೆಯನ್ನೆಲ್ಲ ಅಗೆದು, ಹೊಲ ಯಾರದ್ದೇ ಆಗಿರಲಿ, ಒಂದೇ ರಾಶಿ ಹಾಕಿ ಮನೆಗೊಂದು ಪಾಲು ಅಂತ ತೀರ್ಮಾನ ಆಯಿತು. ಕೆಟ್ಟ ವರ್ಷ ನಾವು ಯಾವಾಗಲೂ ಮಾಡುವುದು ಅದನ್ನೇ. ಸೆನೋಬಿಯೋ ತನಗೆ ಪಾಲು ಬೇಡ ಅಂದ. "ನಿನ್ನ ಮಾತು ಯಾರು ಕೇಳಿದ್ರು, ಮನೆಗೊಂದು ಪಾಲು," ಅಂದ ತಿಯೊಫಿಲೋ. ಬೈದಿದ್ದರೆ, ಹೊಡೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಗೆದು ಹಂಚಿದ ದಿನ ಆ ಪಾಲು ಹೊತ್ತುಕೊಂಡು ಹೋಗುವಾಗ ಅವನ ಬೆನ್ನು ನೋಡಲಾಗಲಿಲ್ಲ.

ಲುಸ್ಮಿಲಾಳನ್ನು ನಿನಗೇನು ಬೇಕು ಅಂತ ಕೇಳಿದರು.

"ಹಿತ್ತಲು ಮುಚ್ಚಲಿ," ಅಂದಳು. ಅಷ್ಟೇ.

ಅಗೆದವರೂ ಹೋದರು, ಸೆನೋಬಿಯೋನೂ ಹೋದ. ಹೆಂಗಸರು ಮಣ್ಣೆಳೆದು ಬೇಗ ಬಂದುಬಿಟ್ಟರು. ಅವನು ಸಂಜೆಯ ತನಕ ಕಾಲಿನಿಂದ ತುಳಿದು ತುಳಿದು ಸಮ ಮಾಡಿದ. ಮೊದಲಿನಂತೆ ಆಗಲಿಲ್ಲ, ಅಗೆದ ಜಾಗ ಇವತ್ತಿಗೂ ಬೇರೆ ಬಣ್ಣ. ಲುಸ್ಮಿಲಾ ಅವನ ಜೊತೆ ಮಾತು ಬಿಟ್ಟಳು. ದಾರಿಯಲ್ಲಿ ಎದುರಾದರೆ ಅವನೇ ಕೆಳಗಿಳಿದು ನಿಲ್ಲುತ್ತಾನೆ. ಸೀಸೆಗೋಡೆಯವರು ಮತ್ತೆ ಕರೆದಾಗ ಹೋಗಲಿಲ್ಲ. ಆಮೇಲೆ ಅವರೇ ಬಂದು ನಮ್ಮ ಜೊತೆ ಅಗೆದರು, ಬೆನ್ನು ನೋಯಿಸಿಕೊಂಡರು, ಪ್ರಶ್ನೆ ಕಡಿಮೆ ಮಾಡಿದರು.

ಆ ವರ್ಷದ ಗಡ್ಡೆ ಗೋಲಿಯಷ್ಟಿದ್ದವು, ಒಣಗಿಸಿಡುವುದಕ್ಕೆ ಮಾತ್ರ ಲಾಯಕ್ಕು. ಚಳಿ ಬಿದ್ದ ಮೇಲೆ ಹುಲ್ಲಿನ ಮೇಲೆ ಹರಡಿ ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿಸಿದೆವು. ಬಿಸಿಲೇರಿ ಮೆತ್ತಗಾದಾಗ ಬರಿಗಾಲಲ್ಲಿ ತುಳಿದು ನೀರು ತೆಗೆಯಬೇಕು, ಸಿಪ್ಪೆ ಬಿಡಿಸಬೇಕು. ಸೆನೋಬಿಯೋ ತನ್ನದು ಮುಗಿಸಿ ಲುಸ್ಮಿಲಾಳ ರಾಶಿಗೆ ಇಳಿಯುತ್ತಿದ್ದ. ಯಾರೂ ಹೇಳಿರಲಿಲ್ಲ. ಅವಳು ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ.

ಒಂದು ಬೆಳಿಗ್ಗೆ ನಾನು ಪಕ್ಕದಲ್ಲೇ ಸಿಪ್ಪೆ ಬಿಡಿಸುತ್ತಿದ್ದೆ. ಅವಳು ಬುಟ್ಟಿ ಹಿಡಿದು ಬಂದು ಅವನ ಕಾಲ ಬಳಿ ಕೂತಳು.

"ಕಾಲೆತ್ತು," ಅಂದಳು. ದೊಡ್ಡಪ್ಪ ಅನ್ನಲಿಲ್ಲ.

ಅವನು ಒಂದು ಕಾಲೆತ್ತಿ ನಿಂತ. ಅವಳು ಕೆಳಗಿನ ಗಡ್ಡೆಗಳನ್ನು ಬಾಚಿ ಮಗುಚಿ ಹಾಕಿ, ಹೊಸ ಹಿಡಿ ಸುರಿದಳು. ಅವನು ಕಾಲಿಟ್ಟು ತುಳಿಯತೊಡಗಿದ. ಬೆರಳ ಸಂದಿಯಿಂದ ಕಂದು ನೀರು ಇಳಿದು ಹುಲ್ಲಿಗೆ ಹೋಯಿತು.