ಅಕ್ಕ ಹಾಕುತ್ತಿದ್ದ ಕೊಸರು

ಕುಂದಾಣದ ಹತ್ತಿರ ನಾನು ಹಂದಿ ಸಾಕಲು ಶುರು ಮಾಡಿದಾಗ ನೆಂಟರೆಲ್ಲ ಮೂಗು ಮುರಿದರು. ಬಂದು ಕೈಜೋಡಿಸಿದವಳು ಅಕ್ಕ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ವರ್ಷಗಟ್ಟಲೆ ಸಂತೆಯಲ್ಲಿ ಸೊಪ್ಪು, ತರಕಾರಿ ಮಾರಿದ್ದವಳು. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ.

ಒಮ್ಮೆ ಮರಿಗಳಿಗೆ ಭೇದಿ ಹತ್ತಿದಾಗ ಅಂಗಡಿಯಿಂದ ಆ್ಯಂಟಿಬಯಾಟಿಕ್ ಪುಡಿ ತಂದೆ. ಐದು ದಿನ ಹಾಕಿ ನಿಲ್ಲಿಸಿ ಅಂತ ಪೊಟ್ಟಣದ ಮೇಲೇ ಬರೆದಿತ್ತು. ಮರಿಗಳು ಚೇತರಿಸಿಕೊಂಡು ದುಂಡಗಾದವು. ನಿಲ್ಲಿಸಲು ಮನಸ್ಸು ಬರಲಿಲ್ಲ, ದಿನಾ ಹಾಕಿಸಿದೆ. ಶಕ್ತಿ ಪುಡಿ ಅಂತ ಅದಕ್ಕೆ ಹೆಸರಿಟ್ಟವನೂ ನಾನೇ. ಅಕ್ಕ ಅದನ್ನು ಬೂಸಾದ ಜೊತೆ ಬರಿಗೈಯಲ್ಲಿ ಕಲಸುತ್ತಿದ್ದಳು. ಬಡಕಲು ಮರಿ ಕಂಡರೆ, "ಪಾಪ, ಇದಕ್ಕೊಂಚೂರು ಕೊಸರು" ಎಂದು ಇನ್ನೊಂದು ಚಿಟಿಕೆ ಉದುರಿಸುತ್ತಿದ್ದಳು. "ನಿನ್ ಕೊಸರಲ್ಲೇ ನನ್ ಫಾರಂ ಮುಳುಗುತ್ತೆ ಕಣಕ್ಕ" ಎಂದು ರೇಗಿಸುತ್ತಿದ್ದೆ.

ಹೋದ ವರ್ಷ ಗೂಡಿನ ತಗಡು ತಾಗಿ ಅವಳ ಅಂಗೈ ಸೀಳಿತು. ಅರಿಶಿನ ಮೆತ್ತಿಕೊಂಡು ಅದೇ ಕೈಯಲ್ಲಿ ಗೂಡು ತೊಳೆದಳು. ನಾನೂ ಬೇಡ ಅನ್ನಲಿಲ್ಲ. ವಾರದೊಳಗೆ ಕೈ ಮೊಣಕೈವರೆಗೆ ಊದಿಕೊಂಡು ಜ್ವರ ಬಂತು. ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಇಂಜೆಕ್ಷನ್ ಬದಲಾಯಿಸಿದರು, ಜ್ವರ ಇಳಿಯಲಿಲ್ಲ.

ಕೀವಿನ ರಿಪೋರ್ಟ್ ಬಂದ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಇವರು ಹಿಂದೆ ಯಾವ ಮಾತ್ರೆ ತಗೊಳ್ತಿದ್ರು? ಈ ಕ್ರಿಮಿಗೆ ಯಾವ ಔಷಧೀನೂ ನಾಟ್ತಿಲ್ಲ."

"ನಮ್ಮಕ್ಕ ತಲೆನೋವಿಗೂ ಮಾತ್ರೆ ನುಂಗಿದೋಳಲ್ಲ ಸಾರ್" ಎಂದೆ, ಹೆಮ್ಮೆಯಿಂದ.

ರಿಪೋರ್ಟಿನಲ್ಲಿ ಕೆಲಸಕ್ಕೆ ಬಾರದ ಔಷಧಿಗಳ ಪಟ್ಟಿಯಿತ್ತು. ಎರಡನೆಯದು ನಮ್ಮ ಪೊಟ್ಟಣದ ಮೇಲಿನ ಹೆಸರೇ. ಪುಡಿಯ ವಿಷಯ ಬಾಯಿಬಿಟ್ಟೆ. ದಿನಾ ಹಾಕಿದರೆ ಸಾಯುವ ಕ್ರಿಮಿಗಳು ಸತ್ತು, ಔಷಧಿಗೆ ಬಗ್ಗದವು ಮಾತ್ರ ಹಂದಿಗಳಲ್ಲಿ ಉಳಿದು ಹೆಚ್ಚುತ್ತವೆ, ಅವೇ ಗಾಯಕ್ಕೆ ಇಳಿದಿರಬಹುದು ಎಂದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಒಳಗೆ ಹೋದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ರಿಗೂ ಹತ್ತೋ ಔಷಧಿ ನಂಗ್ಯಾಕೋ ಹತ್ತಲ್ಲ? ಯಾರಿಗೆ ಏನ್ ಪಾಪ ಮಾಡಿದ್ನೋ."

ಹೇಳಬೇಕಿತ್ತು. ಪಾಪ ನಿಂದಲ್ಲ, ನಂದು ಅಂತ. ನನ್ನ ಹೇಡಿತನಕ್ಕೆ ಈಗಲೂ ನಾಚಿಕೆಯಾಗುತ್ತದೆ. "ಸುಮ್ನೆ ಮಲಗಕ್ಕ, ಸರಿಹೋಗುತ್ತೆ" ಎಂದು ಹೊದಿಕೆ ಎಳೆದೆ.

ಮೂರನೆಯ ದಿನ ಅಕ್ಕ ಹೋದಳು. ಪ್ರಜ್ಞೆ ಇರುವವರೆಗೂ, ತಾನು ಮಾಡದ ಪಾಪಕ್ಕೆ ದೇವರಲ್ಲಿ ತಪ್ಪಾಯ್ತು ತಪ್ಪಾಯ್ತು ಅನ್ನುತ್ತಲೇ ಇದ್ದಳು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.