ನನ್ನ ತೆಂಗಿನೆಣ್ಣೆ, ಅವನ ಅಜ್ಜಿಯ ಹಂದಿ ಕೊಬ್ಬು

ಹಂದಿ ಕೊಬ್ಬಿನ ಆ ವಿಡಿಯೋವನ್ನು ಅಳಿಸಿದ್ದೇನೆ. ಆಗ ನೋಡಿ ನಕ್ಕವರು ದಯವಿಟ್ಟು ಇದನ್ನೂ ಓದಿ. ಅದರಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ.

ಒಮಾನಿನ ಸೀಬ್‌ನ ನಮ್ಮ ಆಫೀಸಿನ ಎಸಿಗೆ ನನ್ನ ಕೈಯ ಗೆಣ್ಣುಗಳು ಬಿರಿಯುತ್ತವೆ. ಅದಕ್ಕೇ ಡ್ರಾಯರಿನಲ್ಲಿ ಊರಿನ ತೆಂಗಿನೆಣ್ಣೆ ಬಾಟಲಿ. ಪಕ್ಕದ ಮೇಜಿನವನು ಈಶಾನ್ಯ ಚೀನಾದ ಇಂಜಿನಿಯರ್, ಮಂಚು ಜನಾಂಗದವನು. ಅವನ ಕೈಯೂ ಬಿರಿದಿತ್ತು. ಒಂದು ದಿನ ಕೇಳದೆಯೇ ಅವನ ಅಂಗೈಗೆ ನಾಲ್ಕು ಹನಿ ಸುರಿದೆ. ಉಜ್ಜಿಕೊಂಡು, ಮೂಸಿ, ನಕ್ಕ.

“ಚಳಿಗಾಲದಲ್ಲಿ ನನ್ನ ಅಜ್ಜಿ ನನ್ನ ಕೈಗೆ ಹಂದಿ ಕೊಬ್ಬು ಹಚ್ಚುತ್ತಿದ್ದಳು. ಶಾಲೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಿದ್ದರು,” ಎಂದ.

ಅವನೇ ಹೇಳಿದ್ದು: ಮಂಚುಗಳಿಗೂ ಮೊದಲು ಜುರ್ಚೆನ್ನರು, ಅವರಿಗೂ ಮೊದಲು ಮೊಹೆ ಎಂಬ ಬುಡಕಟ್ಟುಗಳಿದ್ದವಂತೆ. ನೆಲ ಅಗೆದು ಹಳ್ಳದಲ್ಲಿ ಮನೆ, ಮೇಲಿನ ಬಾಯಿಂದ ಏಣಿ ಇಳಿದು ಒಳಗೆ. ಹಂದಿ ಸಾಕುತ್ತಿದ್ದರು. ಅವರಿಗಿಂತ ಹಿಂದಿನವರು ಚಳಿ ತಾಳಲು ಮೈಗೆಲ್ಲ ಕೊಬ್ಬು ಬಳಿದುಕೊಳ್ಳುತ್ತಿದ್ದರಂತೆ.

“ಅವರು ತಾವಾಗಿ ಏನೂ ಬರೆದಿಡಲಿಲ್ಲ. ಕೊಳಕರು ಅಂತ ನಕ್ಕವರು ಬರೆದದ್ದು ಮಾತ್ರ ಉಳಿದಿದೆ,” ಎಂದ.

ಆ ಶುಕ್ರವಾರ ಕಾರಿನಲ್ಲಿ ಕೂತು ವಿಡಿಯೋ ಮಾಡಿ ನನ್ನ ಪೇಜಿಗೆ ಹಾಕಿದೆ. ಬಿಲದ ಮನೆ, ಹಂದಿ, ಕೊಬ್ಬು, ಕೊನೆಗೆ ಅವನ ಅಜ್ಜಿ. ಮೂಗು ಮುಚ್ಚಿ ನಟಿಸಿಯೂ ತೋರಿಸಿದೆ. ಕನ್ನಡದಲ್ಲಿ ಹೇಳಿದರೆ ಇಲ್ಲಿ ಯಾರಿಗೆ ತಿಳಿಯುತ್ತದೆ? ಗಲ್ಫಿನಲ್ಲಿರುವ ನಮ್ಮವರ ಹಳೇ ಧೈರ್ಯ ಇದು. ಲಿಫ್ಟಿನಲ್ಲಿ ಪಕ್ಕದಲ್ಲೇ ನಿಂತವನ ಹೊಟ್ಟೆಯ ಬಗ್ಗೆ ಆರಾಮಾಗಿ ಮಾತಾಡುತ್ತೇವೆ.

ಮೊದಲು ನೋಡಿದ್ದು ಹೆಂಡತಿ. ಅವಳು ನಗಲಿಲ್ಲ.

“ಎಂತ ಮಾರಾಯ್ರೆ, ಪಾಪ, ಅವ್ರ ಅಜ್ಜಿಯನ್ನು ಮಂಗ ಮಾಡಿದ್ರಲ್ಲ! ನಿಮ್ಮ ಎಣ್ಣೆ ಬಾಟ್ಲಿ ಎಲ್ಲಿ ಹೋಯ್ತು ಅದ್ರಲ್ಲಿ?”

“ಅದು ಹೇಳಿದ್ರೆ ತಮಾಷೆ ಎಲ್ಲಿ ಉಂಟು? ಅವನಿಗೆ ಕನ್ನಡ ಬರುದಿಲ್ಲ ಬಿಡು.”

“ಅವ್ರಿಗೆ ಬರುದಿಲ್ಲ. ಅವ್ರ ಫೋನಿಗೆ ಬರ್ತದೆ.”

ಕೇಳಲಿಲ್ಲ ನಾನು. ಇಲ್ಲಿ ವಾರ ಶುರುವಾಗುವುದು ಭಾನುವಾರ; ಬೆಳಿಗ್ಗೆ ಆಫೀಸಿನಲ್ಲಿ ಅವನು ಫೋನನ್ನು ನನ್ನ ಮೇಜಿನ ಮೇಲಿಟ್ಟ. ತೆರೆಯ ಮೇಲೆ ನಾನು ಮೂಗು ಮುಚ್ಚಿಕೊಂಡಿದ್ದೆ. ಕೆಳಗೆ ಚೀನೀ ಅಕ್ಷರಗಳು ಓಡುತ್ತಿದ್ದವು.

“ಅಜ್ಜಿಯ ವಿಷಯ ನಿನಗೆ ಹೇಳಿದ್ದು. ಇದನ್ನು ನೋಡಿ ನಗುವವರಿಗಲ್ಲ,” ಎಂದ.

ತಪ್ಪಾಯಿತು ಎಂದೆ. ಅವನೆದುರೇ ವಿಡಿಯೋ ಅಳಿಸಿದೆ.

“ಖಲಾಸ್,” ಎಂದು ತನ್ನ ಕುರ್ಚಿಗೆ ಹೋದ. ಇಲ್ಲಿ ಕೆಲಸ ಮುಗಿದರೂ ಖಲಾಸ್, ಜಗಳ ಮುಗಿದರೂ ಖಲಾಸ್. ಅವನು ಯಾವುದನ್ನು ಮುಗಿಸಿದನೋ, ಕೇಳುವ ಧೈರ್ಯ ಆಗಲಿಲ್ಲ.

ಇದನ್ನು ಬರೆಯುವ ಮೊದಲು ಅವನ ಅನುಮತಿ ಕೇಳಿದೆ. ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

“ಬರಿ. ಈ ಸಲ ಎಣ್ಣೆಯನ್ನೂ ಸೇರಿಸು,” ಎಂದ.

ಸೇರಿಸಿದ್ದೇನೆ. ಬಾಟಲಿಯನ್ನು ಈಗ ಡ್ರಾಯರಿನಲ್ಲಿ ಇಡುವುದಿಲ್ಲ. ದಿನಾ ಹಚ್ಚಿಕೊಂಡು ಅವನ ಮೇಜಿನತ್ತ ಸರಿಸುತ್ತೇನೆ. ಫೈಲು ಇಡಲು ಜಾಗ ಬೇಕು ಎಂಬಂತೆ ಅವನು ಅದನ್ನು ಮೆಲ್ಲಗೆ ವಾಪಸು ಸರಿಸುತ್ತಾನೆ. ಅವನ ಗೆಣ್ಣಿನ ಬಿರುಕು ಕೆಂಪಾಗಿದೆ.