ನಾಲ್ಕನೆಯ ಅಂಗಡಿಯ ಬಿಳಿ ಬಟ್ಟೆ

ಇದನ್ನು ಬರೆಯಬೇಕು ಅಂದುಕೊಂಡು ಎಷ್ಟೋ ವಾರಗಳಾದವು. ಪ್ರತಿ ವಾರ ಬೇರೇನೋ ಬರೆದು ತಪ್ಪಿಸಿಕೊಂಡೆ. (ಹೋದ ವಾರದ ಹಲಸಿನ ಹಪ್ಪಳದ ಪುರಾಣ ಅದಕ್ಕೇ.) ಮೊನ್ನೆ ಕುಮಟೆಯ ಒಂದು ಮದುವೆಯಲ್ಲಿ ಜವಳಿ ವ್ಯಾಪಾರಿಯೊಬ್ಬರು ಕೇಳಿಬಿಟ್ಟರು: "ಸಿಲೋನಿನಲ್ಲಿ ನಿಮ್ಮ ಅಂಗಡಿ ಯಾಕೆ ಮುಳುಗಿತು ಮಾರಾಯ್ರೆ?"

ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡು ಮಾತು ಬದಲಿಸಿದೆ.

ಐವತ್ತರ ದಶಕದ ಕೊನೆ. ನಮ್ಮ ಸಾಹೇಬರಿಗೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಬಟ್ಟೆ ಅಂಗಡಿ. ಮ್ಯಾಟ್ರಿಕ್ ಮುಗಿಸಿದ ನಾನು ಮ್ಯಾನೇಜರ್. ಹೊಸ ಅಂಗಡಿ ತೆರೆದಾಗ ಸೂರಿನಿಂದ ನೆಲದವರೆಗೆ ಬಿಳಿ ಮಲ್ ಬಟ್ಟೆ ಇಳಿಬಿಡುವುದು ನನ್ನದೇ ಐಡಿಯಾ. ಶರಾವತಿಗೆ ಆಗ ಸೇತುವೆ ಎಲ್ಲಿತ್ತು? ಆಚೆ ದಡದ ಕಾಸರಕೋಡದಿಂದ ದೋಣಿಯಲ್ಲಿ ಬರುವವರಿಗೆ ಹೊನ್ನಾವರದಲ್ಲಿ ಮೊದಲು ಕಾಣುತ್ತಿದ್ದದ್ದೇ ಆ ಬಿಳುಪು. ಜನ ನುಗ್ಗಿದರು. ನಾನು ಉಬ್ಬಿದೆ.

ನಾಲ್ಕನೆಯದು ಸಿಲೋನಿನಲ್ಲಿ, ಕಡಲ ಬದಿಯ ಒಂದು ಪೇಟೆಯಲ್ಲಿ. ನಾನು ಹೋದೆ. ಜೊತೆಗೆ ಭಟ್ಕಳದ ಅಂಗಡಿಯ ದರ್ಜಿ.

ಅಲ್ಲಿಯೂ ಬಿಳಿ ಬಟ್ಟೆ ಇಳಿಬಿಟ್ಟೆ. ಜನ ಬಂದರು. ಆದರೆ ಹೇಗೆ ಬಂದರು ಗೊತ್ತೇ? ಟೋಪಿ ಕೈಯಲ್ಲಿ ಹಿಡಿದು. ಚಪ್ಪಲಿ ಹೊರಗೆ ಬಿಟ್ಟು ಗಾದಿಯ ಮೇಲೆ ಸದ್ದಿಲ್ಲದೆ ಕೂತರು. ನಾನು ಸೀರೆ ಬಿಡಿಸಿದರೆ ನೋಡಲಿಲ್ಲ. ರೇಟು ಕೇಳಲಿಲ್ಲ. ಎಲ್ಲರ ಕಣ್ಣೂ ನನ್ನನ್ನು ದಾಟಿ ಒಳಕೋಣೆಯ ಕಡೆಗೆ. ಸ್ವಲ್ಪ ಹೊತ್ತು ಕೂತು, ತಲೆ ತಗ್ಗಿಸಿ ಎದ್ದುಹೋದರು. ಮರುದಿನ ಬೇರೆಯವರು. ಅದೇ ಮೌನ. ಏನನ್ನು ಹುಡುಕುತ್ತಿದ್ದರು ಅವರು?

ಮೂರನೆಯ ದಿನ ದರ್ಜಿ ಚಾ ಅಂಗಡಿಯಿಂದ ಓಡಿಬಂದ. "ಹೋಯ್ ಮೇನೇಜರ್ರೇ, ಆ ಬಟ್ಟೆ ಇಳಿಸ್ರಾ! ಇಲ್ಲಿ ಸತ್ತೋರ ಮನೀಗೆ ಬಿಳಿ ಕಟ್ಟೂದಂತೆ."

"ನಿಂಗೆಂತ ಗೊತ್ತು? ಮೂರು ಅಂಗಡಿ ನಿಂತದ್ದು ಅದರಿಂದಲೇ. ನೀ ಹೊಲಿ."

"ಹೊಲೀತೆ. ಯಾರಿಗೆ ಹೊಲಿಯೂದು, ಹೆಣಕ್ಕಾ?"

ನಾನು ಇಳಿಸಲಿಲ್ಲ. ಮ್ಯಾಟ್ರಿಕ್ ಪಾಸಾದವನು ದರ್ಜಿಯ ಮಾತು ಕೇಳುವುದೇ?

ಅಂದು ಮಧ್ಯಾಹ್ನ ಒಳಗೆ ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಮಲಗಿದೆ. ನೊಣದ ಕಾಟಕ್ಕೆ ಒಂದು ಬಿಳಿ ಪಂಚೆಯನ್ನು ತಲೆಯವರೆಗೂ ಎಳೆದುಕೊಂಡಿದ್ದೆ. ಯಾರೋ ಉಸಿರಾಡುವ ಸದ್ದಿಗೆ ಎಚ್ಚರವಾಯಿತು. ಪಂಚೆ ಸರಿಸಿ ನೋಡಿದರೆ ಮೇಜಿನ ಸುತ್ತ ಏಳೆಂಟು ಜನ ಕೈಮುಗಿದು ನಿಂತಿದ್ದಾರೆ. ನನ್ನ ಪಾದದ ಹತ್ತಿರ ಹೂವು. ಎದ್ದು ಕೂತೆ.

ಯಾರೂ ಕಿರುಚಲಿಲ್ಲ. ನನ್ನ ಮುಖದಿಂದ ಕಣ್ಣು ತೆಗೆಯದೆ, ಒಬ್ಬೊಬ್ಬರಾಗಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಟುಹೋದರು.

ಬಟ್ಟೆ ಇಳಿಸಿದೆ. ಏನು ಬಂತು? ಜನ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ತಾಯಂದಿರು ನನ್ನನ್ನು ಕಂಡು ಮಕ್ಕಳ ಕಣ್ಣು ಮುಚ್ಚಿದರು. ನಾನು ಬದುಕಿದ್ದೇನೆಂದು ಯಾರಿಗೆ ಹೇಳುವುದು?

ಸಾಹೇಬರ ಕಾಗದ ಬಂತು: ಗಿರಾಕಿ ಯಾಕಿಲ್ಲ? ನಾನು ಉತ್ತರ ಬರೆದೆ: ದರ್ಜಿಯ ಸಿಡುಕಿಗೆ ಹೆದರಿ ಯಾರೂ ಬರುವುದಿಲ್ಲ. ಆ ಕಾಗದವನ್ನು ಪೋಸ್ಟಿಗೆ ಹಾಕಿ ಬಂದವನು ದರ್ಜಿಯೇ. (ಅವನಿಗೆ ಓದಲು ಬರುತ್ತಿರಲಿಲ್ಲ.)

ಅವನನ್ನು ವಾಪಸ್ ಕರೆಸಿಕೊಂಡರು. ಮೂರೂ ಅಂಗಡಿಗಳ ಬಾಗಿಲು ಅವನಿಗೆ ಮುಚ್ಚಿತು. ಆರು ತಿಂಗಳಲ್ಲಿ ನಾಲ್ಕನೆಯದೂ ಮುಚ್ಚಿ ನಾನು ಊರಿಗೆ ಬಂದೆ. ನನಗೆ ಹೊನ್ನಾವರದ ಅಂಗಡಿ ಮತ್ತೆ ಸಿಕ್ಕಿತು.

ಒಂದು ದಿನ ದೋಣಿಯಿಂದ ಕಾಸರಕೋಡದಲ್ಲಿ ಇಳಿದರೆ ಎದುರಿಗೆ ದೊಡ್ಡ ಬಿಳಿ ಬಟ್ಟೆ ಗಾಳಿಗೆ ಉಬ್ಬುತ್ತಿದೆ. ಹಾಯಿ ಅದು. ಅದರ ಕೆಳಗೆ ಸೂಜಿ ಹಿಡಿದು ಕೂತಿದ್ದವನು ದರ್ಜಿ. ಒಂದು ಕಾಲಕ್ಕೆ ಅಂಗಿ ಹೊಲಿಯುತ್ತಿದ್ದ ಬೆರಳುಗಳಲ್ಲಿ ರಕ್ತದ ಗೆರೆಗಳು.

"ಹೋಯ್ ಮೇನೇಜರ್ರೇ! ಜೀವ ಅದ್ಯಲ್ಲ ನಿಮ್ಗೆ?" ಎಂದು ನಕ್ಕ. ಆಮೇಲೆ ದನಿ ಇಳಿಸಿ ಕೇಳಿದ: "ಸಾಹೇಬ್ರಿಗೆ ನನ್ಮೇಲೆ ಎಂತಕ್ಕೆ ಸಿಟ್ಟು? ನಿಮ್ಗೆ ಗೊತ್ತಾ?"

"ನಂಗೆಂತ ಗೊತ್ತು" ಎಂದೆ.

ಅವನು ತೀರಿಕೊಂಡಾಗ ಭಟ್ಕಳದ ಹತ್ತಿರ ಹೆಬಳೆಯ ಅವನ ಮನೆಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ, ಸ್ವಲ್ಪ ಹೊತ್ತು ಕೂತೆ, ಒಳಗಡೆ ನೋಡಿದೆ, ಏನೂ ಹೇಳದೆ ಎದ್ದುಬಂದೆ.

ಮದುವೆಮನೆಯ ಪ್ರಶ್ನೆಗೆ ಉತ್ತರ ಇಷ್ಟೇ: ಆ ಅಂಗಡಿಯಲ್ಲಿ ಊರನ್ನು ಕೇಳಿ ತಿಳಿದವನು ಒಬ್ಬನೇ ಇದ್ದ, ಅವನ ಹೆಸರು ಈರಪ್ಪ.